ತಾಳ ತಪ್ಪಿದ ವೇಗ

ಗಿಟಾರ್‌ಗಳಲ್ಲಿ ವೇಗಕ್ಕೆಂದೇ ಕಟ್ಟಿದ ಒಂದು ಜಾತಿ ಇದೆ. ರಾಕ್ ಮತ್ತು ಮೆಟಲ್ ಸಂಗೀತದಲ್ಲಿ ‘ಶ್ರೆಡ್ಡಿಂಗ್’ ಎನ್ನುತ್ತಾರಲ್ಲ, ಸೆಕೆಂಡಿಗೆ ಹತ್ತು ಹನ್ನೆರಡು ಸ್ವರಗಳನ್ನು ಬಿಡಿಬಿಡಿಯಾಗಿ ಕೇಳಿಸುವ ಆ ವಾದನಕ್ಕಾಗಿ ತಯಾರಾದವು. ಅಂಥದ್ದೊಂದು ನನ್ನ ಮನೆಯಲ್ಲಿದೆ. ಅದನ್ನು ಸಾಲ ಮಾಡಿ ಕೊಂಡೆ. ಅದನ್ನು ಹಿಡಿದು ವೇದಿಕೆ ಹತ್ತಿ ಸೋತೆ. ಆ ಸೋಲಿನ ಹೊಣೆಯನ್ನು ಗೆಳೆಯನೊಬ್ಬನ ತಲೆಗೆ ಕಟ್ಟಿದೆ. ಈ ಮೂರರಲ್ಲಿ ಮೊದಲನೆಯದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಎರಡನೆಯದರಿಂದ ಕಲಿತೆ. ಮೂರನೆಯದನ್ನು ಸರಿಪಡಿಸಿಕೊಳ್ಳುವುದಕ್ಕೆ ಬಹಳ ಕಾಲ ಹಿಡಿಯಿತು.

ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು, ‘ಅಣ್ಣಾ, ಯಾವ ಗಿಟಾರ್ ತಗೊಳ್ಳಲಿ?’ ಎಂದು ಕೇಳುತ್ತಾರೆ. ಕೈಯಲ್ಲಿ ಸಂಬಳವಿದೆ, ತಿಂಗಳ ಕಂತಿನ ಅನುಕೂಲವಿದೆ, ಫೋನಿನಲ್ಲಿ ನೋಡಿದ ವಿಡಿಯೊಗಳಿಂದ ಹತ್ತಿಕೊಂಡ ಆಸೆಯಿದೆ. ಅವರ ವಯಸ್ಸಿನಲ್ಲಿ ನನಗೂ ಇದೇ ಆಸೆ ಇತ್ತು. ನಾನು ಕೇಳದೇ ಹೋದ ಪ್ರಶ್ನೆಯನ್ನು ಅವರಾದರೂ ಮೊದಲೇ ಕೇಳಿಕೊಳ್ಳಲಿ ಎಂಬುದು ನನ್ನ ಕಾಳಜಿ.

ಈ ವಾದ್ಯದ ಹುಟ್ಟಿನ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ಭ್ರಮೆಯ ಬೇರು ಅಲ್ಲಿಯೇ ಇದೆ. 1978ರಲ್ಲಿ ಅಮೆರಿಕದ ವ್ಯಾನ್ ಹೇಲೆನ್ ತಂಡದ ಮೊದಲ ಆಲ್ಬಂ ಬಂತು. ಅದರಲ್ಲಿ ‘ಇರಪ್ಶನ್’ ಎಂಬ ಒಂದು ಗಿಟಾರ್ ತುಣುಕಿದೆ. ಪೂರ್ತಿ ಎರಡು ನಿಮಿಷವೂ ಇಲ್ಲ. ಬಲಗೈ ಬೆರಳನ್ನೂ ನೆಕ್ ಮೇಲೆ ತಂದು ತಂತಿಯನ್ನು ತಟ್ಟಿ ನುಡಿಸುವ ಎಡ್ಡಿ ವ್ಯಾನ್ ಹೇಲೆನ್ ಅವರ ಆ ಕ್ರಮ ಒಂದು ತಲೆಮಾರಿನ ಕಿವಿಯನ್ನೇ ಬದಲಿಸಿತು. ಮರುವರ್ಷ ಫ್ಲಾಯ್ಡ್ ರೋಸ್ ಎಂಬವರು ತಂತಿಗಳನ್ನು ಎರಡೂ ತುದಿಯಲ್ಲಿ ಬಿಗಿದು ಲಾಕ್ ಮಾಡುವ ಬ್ರಿಜ್ ಒಂದಕ್ಕೆ ಪೇಟೆಂಟ್ ಪಡೆದರು. ಅದರ ಸನ್ನೆಗೋಲನ್ನು ಎಷ್ಟು ಜಗ್ಗಿದರೂ, ಬಿಟ್ಟ ಮೇಲೆ ಶ್ರುತಿ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ. 1984ರಲ್ಲಿ ಸ್ವೀಡನ್ನಿನ ಯಿಂಗ್ವಿ ಮಾಲ್ಮ್‌ಸ್ಟೀನ್ ‘ರೈಸಿಂಗ್ ಫೋರ್ಸ್’ ಆಲ್ಬಮ್ಮಿನಲ್ಲಿ ಪಗನೀನಿಯ ಪಿಟೀಲಿನ ಗತ್ತನ್ನು ಎಲೆಕ್ಟ್ರಿಕ್ ಗಿಟಾರಿಗೆ ತಂದರು. 1987ರಲ್ಲಿ ಜಪಾನಿನ ಐಬನೆಜ್ ಕಂಪನಿ ಗಿಟಾರ್ ವಾದಕ ಸ್ಟೀವ್ ವಾಯ್ ಜೊತೆ ಕೂತು ‘ಜೆಮ್’ ಎಂಬ ಗಿಟಾರನ್ನೂ, ಅದೇ ವರ್ಷ ಅದರ ಸರಳ ರೂಪವಾದ ‘ಆರ್‌ಜಿ’ಯನ್ನೂ ಹೊರತಂದಿತು.

ನನ್ನದು ಈ ಆರ್‌ಜಿ. ಜಪಾನಿನ ಮತ್ಸುಮೊಟೊ ಊರಿನ ಫುಜಿಜೆನ್ ಕಾರ್ಖಾನೆಯಲ್ಲಿ ತಯಾರಾದ ಪ್ರೆಸ್ಟೀಜ್ ಸಾಲಿನದು. ಮೊದಲ ಫ್ರೆಟ್ಟಿನ ಹತ್ತಿರ ನೆಕ್‌ನ ದಪ್ಪ ಬರೀ 17 ಮಿಲಿಮೀಟರ್. ಫ್ರೆಟ್‌ಬೋರ್ಡ್ ಹೆಚ್ಚುಕಡಿಮೆ ಚಪ್ಪಟೆ. ತಂತಿಗಳು ಅದಕ್ಕೆ ಅಂಟಿಕೊಂಡಂತೆ ಕೆಳಗಿದ್ದರೂ ಎಲ್ಲಿಯೂ ತಗುಲಿ ಕಿರುಗುಟ್ಟುವುದಿಲ್ಲ. ಫ್ರೆಟ್‌ಗಳು ಇಪ್ಪತ್ನಾಲ್ಕು, ಅಂದರೆ ಒಂದೊಂದು ತಂತಿಯ ಮೇಲೂ ಪೂರ್ತಿ ಎರಡು ಸ್ಥಾಯಿ. ಕೊನೆಯ ಫ್ರೆಟ್ಟಿನವರೆಗೆ ಬೆರಳು ಹೋಗಲೆಂದು ಒಡಲಿನ ಎರಡೂ ಕಡೆ ಮರವನ್ನು ಆಳವಾಗಿ ಕೊರೆದಿದ್ದಾರೆ. ಫ್ರೆಟ್‌ಬೋರ್ಡಿನ ಮರ ಬೀಟೆ. ನಮ್ಮ ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ಈ ಮರವನ್ನು ಜಗತ್ತಿನ ಗಿಟಾರ್ ತಯಾರಕರು ಇಂಡಿಯನ್ ರೋಸ್‌ವುಡ್ ಎಂಬ ಹೆಸರಿನಲ್ಲಿ ದಶಕಗಳಿಂದ ಬಳಸುತ್ತ ಬಂದಿದ್ದಾರೆ. ಅದನ್ನು ತಿಳಿದ ದಿನ ನನಗೆ ಆ ಗಿಟಾರಿನ ಮೇಲೆ ಇನ್ನೊಂದು ಬಗೆಯ ಅಕ್ಕರೆ ಹುಟ್ಟಿತು.

ಅದಕ್ಕೆ ಮೊದಲು ನನ್ನ ಬಳಿ ಇದ್ದದ್ದು ಕಾಲೇಜು ದಿನಗಳ ಒಂದು ಅಗ್ಗದ ಗಿಟಾರ್. ತಂತಿಗಳು ಫ್ರೆಟ್‌ಬೋರ್ಡಿನಿಂದ ತೀರ ಮೇಲೆ. ಬಾರ್ ಕಾರ್ಡ್ ಹಿಡಿದರೆ ತೋರುಬೆರಳಿನಲ್ಲಿ ಗೆರೆ ಮೂಡಿ ಸಂಜೆಯವರೆಗೆ ಉಳಿಯುತ್ತಿತ್ತು. ವೇಗವಾಗಿ ನುಡಿಸಲು ಆಗದೇ ಇದ್ದಾಗಲೆಲ್ಲ ‘ವಾದ್ಯ ಸರಿಯಿಲ್ಲ’ ಎಂದುಕೊಳ್ಳುತ್ತಿದ್ದೆ. ಆ ಮಾತಿನಲ್ಲಿ ಅರ್ಧ ನಿಜವಿತ್ತು. ಉಳಿದರ್ಧವನ್ನು ನೋಡುವ ಗೋಜಿಗೆ ನಾನು ಹೋಗಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಸಿಕ್ಕ ಮೇಲೆ ಹತ್ತಿರ ಹತ್ತಿರ ಎರಡು ಲಕ್ಷ ರೂಪಾಯಿಗೆ ಈ ಆರ್‌ಜಿಯನ್ನು ತಂದೆ. ಮೈಸೂರಿನ ಮನೆಯ ತಾರಸಿ ಆಗ ಸೋರುತ್ತಿತ್ತು. ‘ಬರೋ ಮಳೆಗಾಲದೊಳಗೆ ಮಾಡ್ಸೋಣ ಬಿಡಮ್ಮ’ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಏನೂ ಅನ್ನಲಿಲ್ಲ.

ಮೊದಲ ತಿಂಗಳುಗಳು ಹಬ್ಬದಂತಿದ್ದವು. ಹಳೆಯ ಗಿಟಾರಿನಲ್ಲಿ ತಡವರಿಸುತ್ತಿದ್ದ ಓಟಗಳು ಇದರಲ್ಲಿ ತಾವಾಗಿಯೇ ಬಂದವು. ಎಡಗೈ ಬೆರಳು ತಂತಿಯನ್ನು ಮುಟ್ಟಿದರೆ ಸಾಕು, ಸ್ವರ ನುಡಿಯುತ್ತಿತ್ತು. ರಾತ್ರಿ ಊಟ ಮುಗಿಸಿ ಹೆಡ್‌ಫೋನ್ ಹಾಕಿಕೊಂಡು, ಪ್ರಾಸೆಸರಿನಲ್ಲಿ ಗೇನ್ ಏರಿಸಿ, ಸದ್ದು ಅಡಗಿಸುವ ನಾಯ್ಸ್ ಗೇಟ್ ಹಾಕಿ, ನಡುರಾತ್ರಿಯವರೆಗೆ ನುಡಿಸುತ್ತಿದ್ದೆ. ಸ್ಟೀವ್ ವಾಯ್ ಅವರ ಹತ್ತು ಗಂಟೆಗಳ ಅಭ್ಯಾಸಕ್ರಮ 1990ರಲ್ಲಿ ಒಂದು ಗಿಟಾರ್ ಪತ್ರಿಕೆಯಲ್ಲಿ ಅಚ್ಚಾಗಿ ಪ್ರಸಿದ್ಧವಾಗಿತ್ತು. ಅದರಿಂದ ನಾನು ಆರಿಸಿಕೊಂಡದ್ದು ಬೆರಳಿನ ಓಟದ ಪಾಠಗಳನ್ನು ಮಾತ್ರ. ಕಿವಿಯನ್ನು ಹದಗೊಳಿಸುವ ಪಾಠ, ಕಾರ್ಡ್‌ಗಳ ಪಾಠ, ಓದಿ ಬರೆಯುವ ಪಾಠಗಳನ್ನು ಹಾರಿಸಿಬಿಟ್ಟೆ.

ಇಲ್ಲಿ ಗೇನ್ ಏರಿಸಿದಾಗ ಹುಟ್ಟುವ ಡಿಸ್ಟಾರ್ಷನ್ ಏನು ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ಗೇನ್ ಏರಿಸಿದಂತೆ ಆಂಪ್ ಧ್ವನಿಯ ಏರಿಳಿತವನ್ನು ಒಂದೇ ಮಟ್ಟಕ್ಕೆ ಒತ್ತುತ್ತದೆ. ಜೋರಾಗಿ ಮೀಟಿದ ಸ್ವರವೂ ಮೆಲ್ಲಗೆ ಮೀಟಿದ ಸ್ವರವೂ ಸಮವಾಗಿ ಕೇಳುತ್ತವೆ. ಪಿಕ್ ಕೆಲವು ಸ್ವರಗಳಿಗೆ ತಗುಲದೇ ಹೋದರೂ ಎಡಗೈಯ ಒತ್ತಿಗೇ ಅವು ನುಡಿದು ಸಾಲು ತುಂಬುತ್ತವೆ. ಕೈಯ ಏರುಪೇರು ಹೀಗೆ ಮುಚ್ಚಿಹೋಗುತ್ತದೆ. ಅದೇ ಗೇನ್ ಬೇಡದ ಸದ್ದನ್ನೂ ಎತ್ತಿ ತೋರಿಸುತ್ತದೆ. ನುಡಿಸದ ತಂತಿಗೆ ಬೆರಳು ಸವರಿದರೂ ಅದು ಕೂಗುತ್ತದೆ. ಒಂದು ತಂತಿ ನುಡಿಯುವಾಗ ಉಳಿದ ಐದನ್ನು ಸುಮ್ಮನಿರಿಸುವುದೇ ಈ ವಾದನದ ಅತಿ ಕಷ್ಟದ ಕೆಲಸ. ಬಲಗೈಯ ಅಂಗೈ ಅಂಚು ಕೆಳಗಿನ ತಂತಿಗಳನ್ನು, ಎಡಗೈಯ ತೋರುಬೆರಳಿನ ಬದಿ ಮೇಲಿನ ತಂತಿಗಳನ್ನು ಒತ್ತಿ ಹಿಡಿಯಬೇಕು. ನಾನು ಅದನ್ನು ಕಲಿಯುವ ಬದಲು ನಾಯ್ಸ್ ಗೇಟಿಗೆ ಒಪ್ಪಿಸಿದ್ದೆ. ಹೀಗಾಗಿ ಹೆಡ್‌ಫೋನಿನಲ್ಲಿ ನನಗೆ ಕೇಳುತ್ತಿದ್ದದ್ದು ನನ್ನ ಕೈಗಿಂತ ಬಹಳ ಒಳ್ಳೆಯ ವಾದನ.

ಆಫೀಸಿನ ಇಬ್ಬರು ಗೆಳೆಯರ ಜೊತೆ ಒಂದು ತಂಡ ಕಟ್ಟಿದ್ದೆವು. ಒಬ್ಬ ಡ್ರಮ್ಸ್, ಒಬ್ಬ ಬೇಸ್, ನಾನು ಗಿಟಾರ್. ವಾರಾಂತ್ಯ ಜಾಮ್ ರೂಮ್ ಬಾಡಿಗೆಗೆ ಹಿಡಿದು ಅಭ್ಯಾಸ ಮಾಡುತ್ತಿದ್ದೆವು. ಡ್ರಮ್ಮರ್ ಮಿತಭಾಷಿ. ಹಾಡು ಮುಗಿದ ಮೇಲೆ ಕೆಲವೊಮ್ಮೆ, ‘ಮಗಾ, ಸೋಲೋದಲ್ಲಿ ಸ್ವಲ್ಪ ನನ್ನ ಕಡೆ ಕೇಳಿಸ್ಕೋ’ ಎನ್ನುತ್ತಿದ್ದ. ಹೂಂ ಎನ್ನುತ್ತಿದ್ದೆ. ಮುಂದಿನ ಸಲವೂ ಗೇನ್ ಏರಿಸಿಕೊಂಡು ನನ್ನನ್ನೇ ಕೇಳಿಸಿಕೊಳ್ಳುತ್ತಿದ್ದೆ.

ನಗರದ ಹೊರವಲಯದ ಒಂದು ಕಾಲೇಜು ಉತ್ಸವದಲ್ಲಿ ನಮಗೆ ಅವಕಾಶ ಸಿಕ್ಕಿತು. ಕೊನೆಯ ಹಾಡಿನಲ್ಲಿ ನನ್ನ ದೊಡ್ಡ ಸೋಲೋ. ನಾಲ್ಕು ಏಟಿನ ಹದಿನಾರು ಬಾರ್, ನಿಮಿಷಕ್ಕೆ 132 ಏಟಿನ ಗತಿ, ಏಟಿಗೆ ನಾಲ್ಕು ಸ್ವರ. ಸೆಕೆಂಡಿಗೆ ಹತ್ತಿರ ಹತ್ತಿರ ಒಂಬತ್ತು ಸ್ವರ ಎಂದಾಯಿತು. ಮನೆಯಲ್ಲಿ ಎಷ್ಟೋ ಸಲ ತಪ್ಪಿಲ್ಲದೆ ನುಡಿಸಿದ್ದೆ. ಆದರೆ ಆ ವೇದಿಕೆಯ ಮೇಲೆ ನನ್ನ ಹೆಡ್‌ಫೋನ್ ಇರಲಿಲ್ಲ, ಪ್ರಾಸೆಸರಿನ ಧ್ವನಿಯೂ ಬೇರೆಯಾಗಿ ಕೇಳುತ್ತಿತ್ತು. ಎದೆ ಬಡಿತ ಏರಿತ್ತು. ಮೊದಲ ನಾಲ್ಕು ಬಾರ್ ಆಗುವಷ್ಟರಲ್ಲಿ ನಾನು ಏಟಿಗಿಂತ ಮುಂದಿದ್ದೆ. ಮುಂದೆ ಇದ್ದೇನೆ ಎಂಬುದು ಗೊತ್ತಾಗಲಿಲ್ಲ. ಡ್ರಮ್ಸ್ ಹಿಂದೆ ಬೀಳುತ್ತಿದೆ ಎಂದೇ ಅನಿಸಿತು. ಬೇಸ್ ನುಡಿಸುತ್ತಿದ್ದವನು ಯಾರ ಜೊತೆ ಹೋಗಬೇಕೆಂದು ತಿಳಿಯದೆ ಒಮ್ಮೆ ನನ್ನ ಮುಖ, ಒಮ್ಮೆ ಅವನ ಮುಖ ನೋಡಿದ. ಹನ್ನೆರಡನೆಯ ಬಾರಿನ ಆಚೆ ನಾವು ಮೂವರೂ ಮೂರು ಕಡೆ ಇದ್ದೆವು.

ಆಗ ಸನ್ನೆಗೋಲನ್ನು ಹಿಡಿದು ಜೋರಾಗಿ ಮೇಲಕ್ಕೆಳೆದೆ. ಹಾಳಾದದ್ದನ್ನು ಆ ಒಂದು ಚೀತ್ಕಾರದಲ್ಲಿ ಮುಚ್ಚಿಬಿಡಬಹುದು ಎಂದುಕೊಂಡೆ. ಅತಿ ತೆಳುವಾದ ಮೊದಲ ತಂತಿ ಕಡಿಯಿತು.

ಒಂದು ತಂತಿ ಹೋದರೆ ಬೇರೆ ಗಿಟಾರಿನಲ್ಲಿ ಉಳಿದ ಐದರಲ್ಲಿ ಹೇಗೋ ಮುಗಿಸಬಹುದು. ನನ್ನ ಗಿಟಾರಿನಲ್ಲಿರುವಂಥ ತೇಲುವ ಬ್ರಿಜ್‌ನಲ್ಲಿ ಹಾಗಲ್ಲ. ಅದು ತಕ್ಕಡಿಯ ಹಾಗೆ. ಒಂದು ಕಡೆ ಆರು ತಂತಿಗಳು ಸೇರಿ ಎಳೆಯುವ ಸುಮಾರು 38 ಕಿಲೋ ಬಲ, ಇನ್ನೊಂದು ಕಡೆ ಗಿಟಾರಿನ ಬೆನ್ನೊಳಗಿನ ಸ್ಪ್ರಿಂಗುಗಳು. ಒಂದು ತಂತಿ ಕಡಿದೊಡನೆ ಸ್ಪ್ರಿಂಗುಗಳ ಕೈ ಮೇಲಾಗಿ ಬ್ರಿಜ್ ಹಿಂದಕ್ಕೆ ವಾಲುತ್ತದೆ, ಉಳಿದ ಐದೂ ತಂತಿಗಳ ಶ್ರುತಿ ಏರಿಬಿಡುತ್ತದೆ. ಬಿರಡೆ ತಿರುಗಿಸಿ ಸರಿಮಾಡೋಣವೆಂದರೆ ನೆಕ್ ತುದಿಯ ನಟ್‌ನಲ್ಲಿ ತಂತಿಗಳು ಲಾಕ್ ಆಗಿವೆ. ಬಿಡಿಸಲು ಅಲೆನ್ ಕೀ ಬೇಕು. ಅದು ಮನೆಯಲ್ಲಿತ್ತು. ಇದಕ್ಕಾಗಿಯೇ ಅನುಭವಿಗಳು ವೇದಿಕೆಗೆ ಇನ್ನೊಂದು ಗಿಟಾರ್ ಒಯ್ಯುತ್ತಾರೆ. ನಾನು ಒಯ್ದಿರಲಿಲ್ಲ. ತಂತಿಗಳನ್ನು ಹೊಸದಾಗಿ ಹಾಕಿಯೂ ಇರಲಿಲ್ಲ. ಬೆವರಿಗೆ ತುಕ್ಕು ಹಿಡಿದು ಕಪ್ಪಾಗಿದ್ದ ತಂತಿಯನ್ನು ಅಷ್ಟು ಜೋರಾಗಿ ಎಳೆದರೆ ಕಡಿಯದೆ ಇನ್ನೇನಾಗುತ್ತದೆ? ಗಿಟಾರಿನ ತಪ್ಪು ಅದರಲ್ಲಿ ಒಂದಿಷ್ಟೂ ಇಲ್ಲ.

ಹಾಡು ಅಲ್ಲೇ ನಿಂತಿತು. ಮುಂದಿನ ತಂಡವನ್ನು ಕರೆದರು. ವೇದಿಕೆಯ ಹಿಂದೆ ಬೇರೆ ತಂಡದವರೆಲ್ಲ ನಿಂತಿದ್ದ ಜಾಗದಲ್ಲಿ ನಾನು ಡ್ರಮ್ಮರ್ ಕಡೆ ತಿರುಗಿ, ‘ನೀನು ಎಳೀತಾ ಇದ್ದೆ. ಅದಕ್ಕೇ ಎಲ್ಲ ಹಾಳಾಯ್ತು’ ಎಂದೆ. ಅವನು ತನ್ನ ಕೋಲುಗಳನ್ನು ಚೀಲದೊಳಗೆ ಇಡುತ್ತಿದ್ದ. ಕೈ ನಿಂತಿತು. ನನ್ನನ್ನೇ ನೋಡಿದ. ಏನೋ ಹೇಳಲು ಹೊರಟು ಹೇಳಲಿಲ್ಲ. ಚೀಲದ ಜಿಪ್ ಎಳೆದುಕೊಂಡು ಹೊರಟುಹೋದ. ನಮ್ಮ ತಂಡ ಅಲ್ಲಿಗೆ ಮುಗಿಯಿತು. ಆಫೀಸಿನ ಲಿಫ್ಟಿನಲ್ಲಿ ಎದುರಾದರೂ ಮಾತಿಲ್ಲ.

ಗಿಟಾರ್ ಕೇಸಿನೊಳಗೆ ಸೇರಿತು. ಮಳೆಗಾಲ ಬಂತು. ಮೈಸೂರಿನ ತಾರಸಿ ಮತ್ತೆ ಸೋರಿತು. ಕಂತು ಮಾತ್ರ ತಿಂಗಳು ತಿಂಗಳು ಬ್ಯಾಂಕಿನಿಂದ ಹೋಗುತ್ತಲೇ ಇತ್ತು.

ಆ ದಿನ ಧ್ವನಿ ನಿರ್ವಹಿಸಿದವರು ಎಲ್ಲ ತಂಡಗಳಿಗೂ ರೆಕಾರ್ಡಿಂಗ್ ಕಳುಹಿಸಿದ್ದರು. ತುಂಬ ಕಾಲ ಅದನ್ನು ತೆರೆಯಲಿಲ್ಲ. ಕೊನೆಗೊಂದು ರಾತ್ರಿ ಲ್ಯಾಪ್‌ಟಾಪಿನಲ್ಲಿ ಹಾಕಿ, ಪಕ್ಕದಲ್ಲಿ ಮೆಟ್ರೊನೋಮನ್ನು 132ಕ್ಕೆ ಇಟ್ಟೆ. ನನ್ನ ಮಾತು ನಿಜವೆಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಡ್ರಮ್ಸ್‌ನ ಏಟು ಮೆಟ್ರೊನೋಮಿನ ಏಟಿನ ಮೇಲೆಯೇ ಬಿತ್ತು. ಮೊದಲ ಬಾರಿನಲ್ಲೂ ಹಾಗೆಯೇ, ಹನ್ನೆರಡನೆಯದರಲ್ಲೂ ಹಾಗೆಯೇ. ಬೇಸಿನವನು ಕಂಗೆಟ್ಟಾಗಲೂ, ನಾನು ಓಡಿದಾಗಲೂ ಅವನು ಕದಲಿರಲಿಲ್ಲ. ನನಗೆ ಹಿಂದಿರುಗಿ ಬರಲು ಒಂದು ಜಾಗ ಇರಲಿ ಎಂದು ತಾಳವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಸೋಲೋ ನಡುವೆ ಎರಡು ಕಡೆ ಅವನು ಸ್ನೇರಿನ ಮೇಲೆ ಬೇಕೆಂದೇ ಜೋರಾಗಿ ಹೊಡೆದು ಏಟನ್ನು ತೋರಿಸಿದ್ದು ಕೇಳಿಸುತ್ತಿತ್ತು. ನನ್ನನ್ನು ಕರೆಯುತ್ತಿದ್ದ. ನನಗೆ ಕೇಳಿರಲಿಲ್ಲ.

ಕಾಗದ ತೆಗೆದು ಲೆಕ್ಕ ಹಾಕಿದೆ. ಪ್ರತಿ ಏಟಿನಲ್ಲೂ ನೂರಕ್ಕೆ ಎರಡರಷ್ಟು ಅವಸರ ಮಾಡಿದರೆ ಯಾವ ಒಂದು ಏಟಿನಲ್ಲೂ ಅದು ತಪ್ಪೆಂದು ತಿಳಿಯುವುದಿಲ್ಲ. ಆದರೆ ಹದಿನಾರು ಬಾರ್ ಅಂದರೆ 64 ಏಟು. ಅವು ಮುಗಿಯುವಾಗ ಒಂದು ಪೂರ್ತಿ ಏಟಿಗಿಂತ ಹೆಚ್ಚು ಮುಂದೆ ಹೋಗಿರುತ್ತೀರಿ. ಸಂಗೀತದಲ್ಲಿ ಒಂದು ಏಟು ಮುಂದೆ ಹೋದವನು ಬೇರೆಯೇ ಹಾಡಿನಲ್ಲಿರುತ್ತಾನೆ. ನನಗೆ ಆದದ್ದು ಅದೇ.

ಮರುದಿನ ಸಂಜೆ ಅವನ ಮನೆಗೆ ಹೋದೆ. ತಪ್ಪು ನನ್ನದು ಎಂದೆ; ಎಲ್ಲರೆದುರು ಆಡಿದ ಮಾತು ಅದಕ್ಕಿಂತ ದೊಡ್ಡ ತಪ್ಪು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವತ್ತೇ ಗೊತ್ತಿತ್ತು ಮಗಾ. ನೀನಾಗೇ ಕೇಳ್ಕೊಂಡ್ರೆ ಮಾತ್ರ ಗೊತ್ತಾಗೋ ವಿಷಯ ಅದು’ ಎಂದ. ಆಮೇಲೆ, ‘ಸ್ಪೀಡು ನಿನ್ ಕೈಲಿ ಇದೆ. ತಾಳ ಎಲ್ಲಿದೆ ಹೇಳು?’ ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ನಮ್ಮ ಮೈಸೂರಿನ ಮನೆಯಲ್ಲೇ ಇತ್ತು. ಅಕ್ಕ ವೀಣೆ ಕಲಿತವಳು. ನಾನು ಹುಡುಗನಾಗಿದ್ದಾಗ ಬೆಳಗಿನ ಹೊತ್ತು ಅವಳ ಸರಳೆ ವರಸೆ ಕೇಳುತ್ತಲೇ ಏಳುತ್ತಿದ್ದೆ. ಮಾಯಾಮಾಳವಗೌಳದಲ್ಲಿ, ಆದಿತಾಳದಲ್ಲಿ, ಒಂದೇ ವರಸೆಯನ್ನು ಮೊದಲು ಒಂದನೆಯ ಕಾಲದಲ್ಲಿ, ಆಮೇಲೆ ಎರಡನೆಯದರಲ್ಲಿ, ಆಮೇಲೆ ಮೂರನೆಯದರಲ್ಲಿ ನುಡಿಸುವುದು. ಸ್ವರಗಳು ಇಮ್ಮಡಿಯಾಗುತ್ತವೆ, ನಾಲ್ಮಡಿಯಾಗುತ್ತವೆ; ತೊಡೆಯ ಮೇಲೆ ಹಾಕುವ ತಾಳ ಮಾತ್ರ ಇದ್ದ ಹಾಗೆಯೇ ಇರುತ್ತದೆ. ಈ ಪಾಠಕ್ರಮವನ್ನು ಪುರಂದರದಾಸರು ರೂಪಿಸಿದರೆಂದು ನಮ್ಮ ಪರಂಪರೆ ನಂಬಿದೆ. ವೇಗದ ಬಗ್ಗೆ ಇದಕ್ಕಿಂತ ಸರಿಯಾದ ತಿಳಿವಳಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ತಾಳ ಅಲುಗದೆ ನಿಂತರೆ ಅದರೊಳಗೆ ಸ್ವರಗಳು ಎಷ್ಟು ಬೇಕಾದರೂ ಹಿಡಿಸುತ್ತವೆ. ನಾನು ಸ್ವರಗಳನ್ನು ತುಂಬಿಕೊಳ್ಳುತ್ತ ತಾಳವನ್ನೇ ಓಡಿಸಿದ್ದೆ.

ಇನ್ನೊಂದು ಸಂಗತಿಯೂ ಆಗ ಹೊಳೆಯಿತು. ಅಕ್ಕನ ವೀಣೆಗೂ ಇಪ್ಪತ್ನಾಲ್ಕು ಮೆಟ್ಟಿಲು, ನನ್ನ ಗಿಟಾರಿಗೂ ಇಪ್ಪತ್ನಾಲ್ಕು ಫ್ರೆಟ್. ಮಾಲ್ಮ್‌ಸ್ಟೀನ್ ಬಹಳವಾಗಿ ನೆಚ್ಚಿಕೊಂಡ ಹಾರ್ಮೋನಿಕ್ ಮೈನರ್ ಎಂಬ ಸ್ವರಶ್ರೇಣಿ ನಮ್ಮ ಕೀರವಾಣಿ. ಅದನ್ನೇ ಪಂಚಮದಿಂದ ಹಿಡಿದು ನುಡಿಸಿದರೆ ವಕುಳಾಭರಣ. ಫ್ರೆಟ್‌ಗಳ ನಡುವಿನ ಮರವನ್ನು ಹಳ್ಳವಾಗಿ ಕೊರೆದ ಗಿಟಾರನ್ನು ಅವರು ನುಡಿಸುತ್ತಾರೆ. ಬೆರಳು ಮರಕ್ಕೆ ತಾಗದೆ ತಂತಿಯನ್ನಷ್ಟೇ ಹಿಡಿದು ಎಳೆಯಲು ಅದರಿಂದ ಸಾಧ್ಯ. ಮೇಣದಲ್ಲಿ ಎತ್ತರವಾಗಿ ಕೂರಿಸಿದ ವೀಣೆಯ ಮೆಟ್ಟಿಲುಗಳ ಮೇಲೆ ವೈಣಿಕರು ಗಮಕ ತೆಗೆಯುವುದೂ ತಂತಿಯನ್ನು ಹೀಗೆ ಎಳೆದೇ. ವೀಣೆ ಶೇಷಣ್ಣ, ದೊರೆಸ್ವಾಮಿ ಅಯ್ಯಂಗಾರ್ ಅವರ ಮೈಸೂರು ಬಾನಿಯಲ್ಲಿ ಮೀಟಿನ ಸ್ಪಷ್ಟತೆಗೆ ದೊಡ್ಡ ಸ್ಥಾನವಿದೆ. ಎಷ್ಟೇ ವೇಗದಲ್ಲಿದ್ದರೂ ಒಂದೊಂದು ಸ್ವರವೂ ಬೇರೆ ಬೇರೆಯಾಗಿ ಕೇಳಬೇಕು. ಶ್ರೆಡ್ ಕಲಿಯುವವರು ಹಂಬಲಿಸುವುದೂ ಇದನ್ನೇ. ಗೋಡೆಯ ಆಚೆ ಇದ್ದ ವಿದ್ಯೆಯನ್ನು ನಾನು ಎರಡು ಲಕ್ಷ ಕೊಟ್ಟು ಅಂಗಡಿಯಲ್ಲಿ ಹುಡುಕಿದ್ದೆ.

ಮತ್ತೆ ಕಲಿಯಲು ಕೂತೆ. ಗೇನ್ ಪೂರ್ತಿ ಇಳಿಸಿದೆ, ನಾಯ್ಸ್ ಗೇಟ್ ತೆಗೆದೆ. ಮೆಟ್ರೊನೋಮನ್ನು ಅರವತ್ತಕ್ಕೆ ಇಟ್ಟು, ಏಟಿಗೆ ಒಂದೇ ಸ್ವರದಂತೆ ಸರಳೆ ವರಸೆಯನ್ನು ಗಿಟಾರಿನಲ್ಲಿ ನುಡಿಸಿದೆ. ಹುಬ್ಬಳ್ಳಿಯಲ್ಲಿರುವ ಅಕ್ಕ ಫೋನಿನಲ್ಲಿ ಕೇಳಿಸಿಕೊಂಡು, ‘ಮೇಲೆ ಹೋಗೋವಾಗ ಸರಿ ಇದೆ ಕಣೋ, ಇಳಿಯೋವಾಗ ಮಧ್ಯಮದಿಂದ ಅವಸರ ಮಾಡ್ತೀಯ’ ಎಂದಳು. ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಆ ಸ್ವರದಲ್ಲಿ ನಾನು ಒಂದು ತಂತಿಯಿಂದ ಇನ್ನೊಂದಕ್ಕೆ ದಾಟುತ್ತಿದ್ದೆ. ದಾಟುವಾಗ ಪಿಕ್ ತಡವಾಗುತ್ತದೆಂಬ ಹೆದರಿಕೆಯಿಂದ ಮುಂದಿನ ಸ್ವರಕ್ಕೆ ಹಾರುತ್ತಿದ್ದೆ. ಗಿಟಾರ್ ನುಡಿಸಲು ಬಾರದ ಅಕ್ಕ ಬರೀ ಕೇಳಿಯೇ ಆ ಜಾಗವನ್ನು ಹಿಡಿದಿದ್ದಳು. ನನ್ನ ಎಲ್ಲ ಅವಸರವೂ ಅಲ್ಲಿಂದಲೇ ಹುಟ್ಟುತ್ತಿತ್ತು. ಕೇವಲ ಆ ಒಂದು ದಾಟುವಿಕೆಯನ್ನು, ಕೆಳಗಿನ ಮೀಟು, ಮೇಲಿನ ಮೀಟು ಎಂದು ಬಿಡಿಸಿಕೊಂಡು, ಸ್ವಚ್ಛವಾಗುವವರೆಗೆ ನುಡಿಸಿದೆ.

ಕೈಯ ಬಿಗಿತವನ್ನೂ ಆಗಲೇ ಕಂಡುಕೊಂಡೆ. ವೇಗ ಹೆಚ್ಚಿಸಬೇಕೆಂದಾಗಲೆಲ್ಲ ನನ್ನ ಬಲಗೈ ಮೊಣಕೈವರೆಗೆ ಕಲ್ಲಾಗುತ್ತಿತ್ತು, ಎಡಗೈ ಹೆಬ್ಬೆರಳು ನೆಕ್ಕನ್ನು ಹಿಸುಕುತ್ತಿತ್ತು. ಹಳೆಯ ಗಿಟಾರಿನಲ್ಲಿ ಕಲಿತ ಬಲಪ್ರಯೋಗ ಅದು. ಹೊಸ ಗಿಟಾರಿಗೆ ಅದರ ಹತ್ತರಲ್ಲಿ ಒಂದು ಪಾಲೂ ಬೇಡ. ಹಿಂದೆ ಮಣಿಕಟ್ಟಿನಲ್ಲಿ ಬರುತ್ತಿದ್ದ ನೋವನ್ನು ಸಾಧನೆಯ ಗುರುತೆಂದು ಹೆಮ್ಮೆಪಟ್ಟಿದ್ದೆ. ನೋವು ಬಂದರೆ ನಿಲ್ಲಿಸಬೇಕು. ಬಿಗಿದ ಸ್ನಾಯು ವೇಗವಾಗಿ ಚಲಿಸಲಾರದು. ಅದನ್ನು ಬಲವಂತವಾಗಿ ಓಡಿಸಿದರೆ ಹಾನಿಯಾಗುವುದು ಕೈಗೆ.

ಗಿಟಾರನ್ನು ನೋಡಿಕೊಳ್ಳುವುದನ್ನೂ ಕಲಿತೆ. ಮಳೆಗಾಲದ ತೇವಕ್ಕೆ ಮರ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅಷ್ಟು ತೆಳುವಾದ ನೆಕ್ ಬಾಗಿದಾಗ ಅದರೊಳಗಿನ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಕಾಲು ಸುತ್ತು ತಿರುಗಿಸಿ ಸರಿ ಮಾಡಬೇಕು. ನುಡಿಸಿದ ಮೇಲೆ ಪ್ರತಿ ಸಲ ತಂತಿಗಳನ್ನು ಬಟ್ಟೆಯಲ್ಲಿ ಒರೆಸಬೇಕು. ಕಾರ್ಯಕ್ರಮಕ್ಕೆ ಮೊದಲು ಹೊಸ ತಂತಿ ಹಾಕಿ, ಎಳೆದೆಳೆದು ಶ್ರುತಿ ನಿಲ್ಲುವಂತೆ ಮಾಡಿಕೊಂಡ ಮೇಲೆಯೇ ನಟ್ ಲಾಕ್ ಮಾಡಬೇಕು. ಅಲೆನ್ ಕೀ ಈಗ ಕೇಸಿನಲ್ಲೇ ಇರುತ್ತದೆ. ಬೆಲೆ ಹೆಚ್ಚಿದಂತೆ ವಾದ್ಯಕ್ಕೆ ಬೇಕಾದ ಆರೈಕೆಯೂ ಹೆಚ್ಚುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಾನು ಆರಾಧಿಸುತ್ತಿದ್ದ ವಾದಕರ ಬದುಕನ್ನು ಮತ್ತೆ ಓದಿದಾಗ, ಮೊದಲು ಕಣ್ಣಿಗೆ ಬೀಳದೇ ಇದ್ದದ್ದು ಬಿತ್ತು. ಎಡ್ಡಿ ವ್ಯಾನ್ ಹೇಲೆನ್ ಜಗತ್ತನ್ನು ಬೆರಗುಗೊಳಿಸಿದ್ದು ಅಗ್ಗಕ್ಕೆ ಸಿಕ್ಕ ಬಿಡಿಭಾಗಗಳನ್ನು ತಾವೇ ಜೋಡಿಸಿಕೊಂಡ ಗಿಟಾರಿನಲ್ಲಿ. ಸ್ಟೀವ್ ವಾಯ್ ಹರೆಯದಲ್ಲಿ ಫ್ರಾಂಕ್ ಜಾಪಾ ಅವರ ಅತಿ ಜಟಿಲ ಲಯದ ರಚನೆಗಳನ್ನು ಕಿವಿಯಿಂದಲೇ ಕೇಳಿ ಸ್ವರಲಿಪಿಗಿಳಿಸಿದವರು. ಜಾಪಾ ಈ ವಾಯ್ ಅವರನ್ನು ಮೊದಲು ಕೆಲಸಕ್ಕೆ ಕರೆದದ್ದೇ ಆ ಬರವಣಿಗೆಗಾಗಿ. ಜೇಸನ್ ಬೆಕರ್ 1988ರಲ್ಲಿ, ಹದಿಹರೆಯದಲ್ಲೇ, ‘ಪರ್ಪೆಚುಯಲ್ ಬರ್ನ್’ ಆಲ್ಬಂ ತಂದರು. ಅದರ ವೇಗ ಇಂದಿಗೂ ಮಾದರಿ. ಸ್ವಲ್ಪ ಕಾಲದಲ್ಲೇ ಎಎಲ್ಎಸ್ ಎಂಬ ನರರೋಗ ಅವರ ಕೈಗಳನ್ನೂ ಆಮೇಲೆ ಮಾತನ್ನೂ ಕಸಿದುಕೊಂಡಿತು. ಅವರ ತಂದೆ ರೂಪಿಸಿಕೊಟ್ಟ ಕಣ್ಸನ್ನೆಯ ಅಕ್ಷರಕ್ರಮದಿಂದ ಅವರು ಸಂಗೀತ ರಚನೆಯನ್ನು ಮುಂದುವರಿಸಿದರು. 2018ರಲ್ಲೂ ಅವರ ಹೊಸ ಆಲ್ಬಂ ಬಂತು. ಬೆರಳು ಅಲುಗಿಸಲಾಗದ ಮನುಷ್ಯನಲ್ಲಿ ಅಷ್ಟು ಸಂಗೀತ ಉಳಿದಿದೆ ಎಂದರೆ ಅದು ಬೆರಳಿನಲ್ಲಿ ಹುಟ್ಟಿದ್ದಲ್ಲ ಎಂದಾಯಿತು. ನನ್ನ ಬೆರಳುಗಳಲ್ಲಿ ಓಟವಿತ್ತು. ಅದಕ್ಕೆ ಮೊದಲು ತಲೆಯಲ್ಲಿ, ಕಿವಿಯಲ್ಲಿ ಇರಬೇಕಾದದ್ದು ಇರಲಿಲ್ಲ.

ಡ್ರಮ್ಮರ್ ಗೆಳೆಯನ ಜೊತೆ ಈಗಲೂ ನುಡಿಸುತ್ತೇನೆ. ಅದೇ ಸೋಲೋವನ್ನು ಅವನು ನನ್ನಿಂದ ಮೊದಲು ನಿಮಿಷಕ್ಕೆ 80 ಏಟಿನಲ್ಲಿ ನುಡಿಸಿಸಿದ. ಅಲ್ಲಿ ಅದು ಹಾಡಿನ ಹಾಗೆ ಕೇಳಿದ ಮೇಲೆಯೇ 84ಕ್ಕೆ ಹೋಗಲು ಬಿಟ್ಟ. ಇಂದು ನನ್ನ ಮಿತಿ 120ರ ಆಸುಪಾಸು. ಹಿಂದೆ ವೇದಿಕೆಯಲ್ಲಿ ಹಿಡಿದಿದ್ದ ಗತಿಗಿಂತ ಕಡಿಮೆ. ಅದಕ್ಕಿಂತ ಮುಂದೆ ಹೋಗುವೆನೋ ಇಲ್ಲವೋ, ಚಿಂತೆಯಿಲ್ಲ. ಈ 120ರಲ್ಲಿ ಪ್ರತಿ ಸ್ವರವೂ ನನ್ನದು, ಪ್ರತಿ ಏಟೂ ನಮ್ಮಿಬ್ಬರದು. ತಾರಸಿಯನ್ನು ಗಿಟಾರಿನ ಸಾಲ ತೀರಿದ ವರ್ಷ ಮಾಡಿಸಿದೆವು. ಅಷ್ಟು ತಡಮಾಡಿದ್ದಕ್ಕೆ ಅಮ್ಮನಲ್ಲಿ ಕ್ಷಮೆ ಕೇಳಿದ್ದೇನೆ.

ಒಳ್ಳೆಯ ಗಿಟಾರ್ ಕೊಳ್ಳಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಒಳ್ಳೆಯ ವಾದ್ಯ ದಾರಿಯ ಅಡ್ಡಿಗಳನ್ನು ತೆಗೆಯುತ್ತದೆ; ನನ್ನದೂ ತೆಗೆದಿದೆ, ದಿನವೂ ಅದಕ್ಕೆ ಕೃತಜ್ಞನಾಗಿದ್ದೇನೆ. ಆದರೆ ದಾರಿ ನಡೆಯಬೇಕಾದದ್ದು ನೀವೇ. ಹಣ ಕಟ್ಟುವ ಮುನ್ನ ಈಗ ಇರುವ ಗಿಟಾರಿನಲ್ಲೇ ಒಂದು ಕೆಲಸ ಮಾಡಿ. ತಂತಿಗಳು ಮೇಲಿದ್ದರೆ ಬಲ್ಲವರ ಹತ್ತಿರ ಒಯ್ದು ಇಳಿಸಿಕೊಳ್ಳಿ. ಗೇನ್ ತೆಗೆಯಿರಿ. ಮೆಟ್ರೊನೋಮ್ ಅರವತ್ತಕ್ಕಿಡಿ. ಏಟಿಗೆ ನಾಲ್ಕು ಸ್ವರದಂತೆ ಎರಡು ನಿಮಿಷ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಕೇಳಿ. ತಾಳ ಎಲ್ಲಿ ಅಲುಗುತ್ತದೆ, ಯಾವ ಸ್ವರ ನುಂಗಿಹೋಗಿದೆ ಎಂದು ಗುರುತು ಹಾಕಿಕೊಳ್ಳಿ. ಅಲ್ಲಿ ಕಂಡ ಕೊರತೆಯನ್ನು ತುಂಬುವುದು ಯಾವ ಅಂಗಡಿಯಲ್ಲೂ ಸಿಗುವ ವಸ್ತುವಲ್ಲ. ಗಿಟಾರಿಗೆಂದು ಎತ್ತಿಟ್ಟ ಹಣದಲ್ಲಿ ಒಂದು ಪಾಲನ್ನು ಗುರುವಿಗೂ ಜಾಮ್ ರೂಮಿನ ಬಾಡಿಗೆಗೂ ಇಟ್ಟುಕೊಳ್ಳಿ. ಜೊತೆಯವರು ಒಂದು ಮಾತು ಹೇಳಿದರೆ ನಿಂತು ಕೇಳಿ. ಅವರಿಗೆ ಕೇಳುವುದು ನಿಮಗೆ ಕೇಳುತ್ತಿರುವುದಿಲ್ಲ. ಮೊದಲು ನಿಮ್ಮ ಪಕ್ಕದಲ್ಲಿ ಕೂತು ತಾಳ ಹಿಡಿಯುವ ಒಬ್ಬರನ್ನು ಹುಡುಕಿಕೊಳ್ಳಿ. ಗಿಟಾರ್ ಆಮೇಲೆ ಕೊಂಡರಾಯಿತು.